ಅಗ್ನಿಶಾಮಕ ಕಾಯ್ದೆಯ ಕರಡಿಗೆ ಸಲಹೆ ಕೇಳಿದರೆ ಯಾದಗಿರಿ ಜಿಲ್ಲೆಯ ಶಹಾಪುರದ ಜಿನ್ನಿಂಗ್ ಮಿಲ್ (ಹತ್ತಿಯಿಂದ ಬೀಜ ಬೇರ್ಪಡಿಸುವ ಕಾರ್ಖಾನೆ) ಸಂಘ ಏನು ಬರೆಯಬೇಕು? ಬರೆದದ್ದನ್ನು ಯಾರಾದರೂ ಓದುತ್ತಾರಾ?

ಓದುತ್ತಾರೆ, ಕರಡಿನ ಖಂಡದ (ಕಲಮಿನ) ಸಂಖ್ಯೆ ಹಾಕಿ ಬರೆದಿದ್ದರೆ. "ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಪದ್ಧತಿ ಸರಳಗೊಳಿಸಬೇಕು" ಅಂತ ಲೆಟರ್‌ಹೆಡ್ ಮೇಲೆ ಬರೆದು ಮೂವತ್ತು ಜನರ ಸಹಿ ಹಾಕಿಸಿದರೆ ಅದು ಫೈಲಿನಲ್ಲಿ ಕೂಡುತ್ತದೆ, ಅಷ್ಟೇ. ಕರಡು ಬರೆಯುವವರಿಗೆ ಬೇಕಾದದ್ದು ಇಷ್ಟು: ಯಾವ ಖಂಡ, ಈಗ ಅಲ್ಲಿ ಏನಿದೆ, ಅದರ ಬದಲು ಯಾವ ವಾಕ್ಯ ಬರಬೇಕು, ಯಾಕೆ, ಖರ್ಚು ಯಾರದು. ಐದು ಕಾಲಮ್ಮಿನ ಒಂದು ಕೋಷ್ಟಕ ಸಾಕು, ಎರಡು ಪುಟ ದಾಟಬೇಡಿ.

ರಾಜ್ಯದ ಮೂಲ ಕಾಯ್ದೆ 1964ರದ್ದು. ಕೇಂದ್ರ ಗೃಹ ಸಚಿವಾಲಯ 2019ರಲ್ಲಿ ರಾಜ್ಯಗಳಿಗೆ ಒಂದು ಮಾದರಿ ವಿಧೇಯಕ ಕಳಿಸಿದೆ. ಹೊಸ ಕರಡು ಯಾವ ರಾಜ್ಯದಲ್ಲಿ ಬಂದರೂ ಈ ಮಾದರಿಯನ್ನು ಪಕ್ಕಕ್ಕಿಟ್ಟುಕೊಂಡು ಓದಿ. ಎಲ್ಲಿ ಬಿಟ್ಟಿದ್ದಾರೆ, ಎಲ್ಲಿ ಸೇರಿಸಿದ್ದಾರೆ ಅನ್ನುವುದು ಬೇಗ ತಿಳಿಯುತ್ತದೆ.

ನನ್ನ ಮುಖ್ಯ ಮಾತು ಇದು. ನಮ್ಮಲ್ಲಿ ಅಗ್ನಿ ಸುರಕ್ಷತೆಯ ಚರ್ಚೆ ಯಾವಾಗಲೂ ಕಟ್ಟಡದ ಎತ್ತರದಿಂದ ಶುರುವಾಗುತ್ತದೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ 15 ಮೀಟರ್ ಅಥವಾ ಅದಕ್ಕಿಂತ ಎತ್ತರದ್ದು ಬಹುಮಹಡಿ ಕಟ್ಟಡ. ಬೆಂಗಳೂರಿಗೆ ಇದು ಸರಿಯಾದ ಅಳತೆ, ಯಾದಗಿರಿಗೆ ಅಲ್ಲ. ಇಲ್ಲಿ ಸುಡುವುದು ಒಂದೇ ಅಂತಸ್ತಿನ ತಗಡಿನ ಶೆಡ್ಡು, ಬಯಲಿನಲ್ಲಿ ಒಟ್ಟಿದ ಹತ್ತಿ, ಹೊಲದಂಚಿನ ಕಣಿಕೆ ಬಣವೆ. ಹಾಗಾಗಿ ಅಪಾಯವನ್ನು ಎತ್ತರದ ಜೊತೆಗೆ ದಾಸ್ತಾನಿನ ಪ್ರಮಾಣದಿಂದಲೂ ಅಳೆಯಬೇಕು ಅಂತ ಕೇಳಿ. ವ್ಯಾಖ್ಯೆಗಳ ಖಂಡಕ್ಕೆ ಈ ಥರದ ವಾಕ್ಯ ಕೊಡಬಹುದು: "ಹತ್ತಿ, ಅರಳೆ, ಮೇವು ಅಥವಾ ಬೇಗ ಉರಿಯುವ ದ್ರಾವಕ ನಿಯಮಿಸಿದ ಪ್ರಮಾಣಕ್ಕಿಂತ ಹೆಚ್ಚು ದಾಸ್ತಾನಿರುವ ಯಾವುದೇ ಆವರಣ, ಅದರ ಎತ್ತರ ಎಷ್ಟೇ ಇರಲಿ." ಹೀಗೆ ಬರೆದರೆ ನಿಮ್ಮ ಮಿಲ್ಲುಗಳೂ ಕಾಯ್ದೆಯ ಒಳಗೆ ಬರುತ್ತವೆ, ಸದಸ್ಯರು ಗೊಣಗುತ್ತಾರೆ. ಆದರೂ ಬರೆಯಿರಿ. ಬರೀ ರಿಯಾಯಿತಿ ಕೇಳುವ ಸಂಘದ ಮಾತಿಗೆ ತೂಕ ಇರುವುದಿಲ್ಲ.

ಕಾರಣದ ಕಾಲಮ್ಮಿನಲ್ಲಿ ಬೆಂಕಿ ಹೇಗೆ ಹತ್ತುತ್ತದೆ ಅನ್ನುವುದನ್ನೇ ಹೇಳಿ. ಹತ್ತಿಯೊಳಗಿನ ಕಲ್ಲು, ಮೊಳೆ ಜಿನ್ನಿಂಗ್ ಯಂತ್ರಕ್ಕೆ ತಾಗಿ ಕಿಡಿ ಏಳುತ್ತದೆ. ಆ ಕಿಡಿ ಅರಳೆಯ ಜೊತೆ ಪ್ರೆಸ್ಸಿಗೆ ಹೋಗಿ ಸುಮಾರು 170 ಕೆಜಿಯ ಬೇಲಿನೊಳಗೆ (ಒತ್ತಿ ಕಟ್ಟಿದ ಅರಳೆಯ ಪಿಂಡಿ) ದಿನಗಟ್ಟಲೆ ಹೊಗೆಯಾಡುತ್ತದೆ. ಒತ್ತಿದ ಪಿಂಡಿಗೆ ಹೊರಗಿನಿಂದ ಎಷ್ಟು ನೀರು ಹೊಡೆದರೂ ಒಳಗೆ ಇಳಿಯುವುದಿಲ್ಲ. ಬೇಲುಗಳನ್ನು ಎಳೆದು ದೂರ ಮಾಡಿ, ಪಟ್ಟಿ ಕತ್ತರಿಸಿ, ಬಿಚ್ಚಿ ತೋಯಿಸಬೇಕು. ಅದಕ್ಕೆ ಜೆಸಿಬಿ ಬೇಕು. ಸ್ಥಳದಲ್ಲಿರುವ ಅಗ್ನಿಶಾಮಕ ಠಾಣಾಧಿಕಾರಿಗೆ ಖಾಸಗಿ ಜೆಸಿಬಿ, ಟ್ಯಾಂಕರ್ ಕರೆಸಿಕೊಳ್ಳುವ ಅಧಿಕಾರದ ಜೊತೆಗೆ ಬಾಡಿಗೆಯನ್ನು ಎಷ್ಟು ದಿನದೊಳಗೆ, ಯಾವ ನಿಧಿಯಿಂದ ಕೊಡಬೇಕು ಅನ್ನುವುದೂ ಖಂಡದಲ್ಲೇ ಇರಬೇಕು. ಅಧಿಕಾರ ಬರೆದು ದುಡ್ಡು ಬರೆಯದಿದ್ದರೆ ಎರಡನೇ ಸಲ ಜೆಸಿಬಿಯವನು ಫೋನ್ ಎತ್ತುವುದಿಲ್ಲ.

ನೀರಿನ ಲೆಕ್ಕವನ್ನೂ ಹಾಕಿ. ಸಾಮಾನ್ಯ ಅಗ್ನಿಶಾಮಕ ವಾಹನದಲ್ಲಿ 4,500 ಲೀಟರ್ ಹಿಡಿಯುತ್ತದೆ. ಒಂದು ಪೈಪಿನಿಂದ ನಿಮಿಷಕ್ಕೆ 450 ಲೀಟರ್ ಹೋದರೆ ಹತ್ತು ನಿಮಿಷ, ಎರಡು ಪೈಪು ಹಚ್ಚಿದರೆ ಐದೇ ನಿಮಿಷ. ಆಮೇಲೆ ಎಲ್ಲಿ ತುಂಬಿಸಬೇಕು? ಪಂಪು ಹೀರಿ ಎತ್ತುವುದು ಹೆಚ್ಚೆಂದರೆ 7 ಮೀಟರ್ ಆಳದಿಂದ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ತೆರೆದ ಬಾವಿಗಳಲ್ಲಿ ನೀರು ಅದಕ್ಕಿಂತ ಕೆಳಗೆ ಇಳಿದಿರುತ್ತದೆ. ಆದ್ದರಿಂದ "ಹತ್ತಿರದ ಜಲಮೂಲ" ಅನ್ನುವ ಪದ ಸಾಲದು. ಪಂಚಾಯತಿಯ ಮೇಲ್ಮಟ್ಟದ ಟ್ಯಾಂಕಿಗೆ ಅಗ್ನಿಶಾಮಕದ 63 ಮಿ.ಮೀ. ಪೈಪು ಕೂಡುವ ವಾಲ್ವ್ ಹಚ್ಚುವುದು ಸ್ಥಳೀಯ ಸಂಸ್ಥೆಯ ಹೊಣೆ ಅಂತ ಸ್ಪಷ್ಟವಾಗಿ ಬರಲಿ. ಪಟ್ಟಣಗಳ ಮಟ್ಟಿಗೆ ಇದಕ್ಕೆ ಆಧಾರವೂ ಇದೆ: ಸಂವಿಧಾನದ 12ನೇ ಅನುಸೂಚಿಯಲ್ಲಿ ಅಗ್ನಿಶಾಮಕ ಸೇವೆ ನಗರ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ ವಿಷಯ.

ಇನ್ನು ಯಾರನ್ನು ಕೂಡಿಸಬೇಕು ಅನ್ನುವುದು. ಮಾಲೀಕರನ್ನು, ಹಮಾಲರನ್ನು ಒಂದೇ ಸಭೆಯಲ್ಲಿ ಕೂರಿಸಿದರೆ ಹಮಾಲರು ಬಾಯಿ ಬಿಡುವುದಿಲ್ಲ. ಹಿಂದಿನ ಬಾಗಿಲಿಗೆ ಬೀಗ ಹಾಕಿರುವ ಸುದ್ದಿ ಗೊತ್ತಿರುವುದು ಅವರಿಗೇ. ಅಗ್ನಿಶಾಮಕ ಸಿಬ್ಬಂದಿಯೂ ಮೇಲಧಿಕಾರಿಯ ಎದುರು ಮಾತಾಡುವುದಿಲ್ಲ. ಅವರಿಂದ ಹೆಸರಿಲ್ಲದ ಚೀಟಿಯಲ್ಲಿ ಬರೆಸಿಕೊಳ್ಳಲು ಅವಕಾಶ ಕೇಳಿ. ವಿದ್ಯುತ್ ಕಂಪನಿ ಜೆಸ್ಕಾಂನವರು ಬೇಕೇ ಬೇಕು, ಲೈನ್ ಬಂದ್ ಮಾಡುವ ತನಕ ಶೆಡ್ಡಿನ ಮೇಲೆ ನೀರು ಹೊಡೆಯುವುದು ಅಪಾಯ. ಕಡೇಚೂರು, ಹುಮನಾಬಾದ್ ಕಡೆಯ ಔಷಧ, ರಾಸಾಯನಿಕ ಘಟಕದವರನ್ನು ಬೇರೆಯಾಗಿ ಕರೆಯಿರಿ, ಅವರ ಸಮಸ್ಯೆಯೇ ಬೇರೆ. ಮೆಥನಾಲ್, ಅಸಿಟೋನ್ ಥರದ ನೀರಿನಲ್ಲಿ ಬೆರೆಯುವ ದ್ರಾವಕದ ಮೇಲೆ ಬೆಂಕಿ ಆರಿಸುವ ಸಾದಾ ನೊರೆ ನಿಲ್ಲುವುದಿಲ್ಲ, ಒಡೆದುಹೋಗುತ್ತದೆ. ಅದಕ್ಕೆ ಆಲ್ಕೋಹಾಲ್ ತಡೆಯುವ ನೊರೆಯೇ ಬೇಕು. ಒಳಗೆ ಏನಿದೆ ಅನ್ನುವ ಪಟ್ಟಿ ಠಾಣೆಯಲ್ಲಿ ಮೊದಲೇ ಇರದಿದ್ದರೆ ವಾಹನ ತಪ್ಪು ನೊರೆ ಹೊತ್ತು ಬರುತ್ತದೆ. ಬೀದರ್, ಔರಾದ್, ಗುರುಮಠಕಲ್ ಕಡೆಯವರು ಕೇಳಬೇಕಾದ ಇನ್ನೊಂದು ಖಂಡ, ರಾಜ್ಯದ ಗಡಿ ದಾಟಿ ವಾಹನ ಕಳಿಸುವುದು, ಕರೆಸಿಕೊಳ್ಳುವುದು. ಆಚೆ ಹೋದ ಸಿಬ್ಬಂದಿಗೆ ಪೆಟ್ಟಾದರೆ ಪರಿಹಾರ ಯಾರದು ಅನ್ನುವುದೂ ಅಲ್ಲೇ ಬರಬೇಕು.

ಹೊಸ ಠಾಣೆ, ಹೊಸ ವಾಹನ ಕೇಳುವವರಿಗೆ ಒಂದು ಮಾತು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ದುಡ್ಡಿನಲ್ಲಿ ವಾಹನ ಕೇಳಬಹುದು. ಆದರೆ ಒಂದೊಂದು ಪಾಳಿಗೆ ಚಾಲಕ ಸೇರಿ ಐದಾರು ಜನರಂತೆ ಮೂರೂ ಪಾಳಿಯ ಸಂಬಳ ಇಲಾಖೆಯ ಬಜೆಟ್ಟಿನಿಂದಲೇ ಬರಬೇಕು. ಹುದ್ದೆ ಕೇಳದೆ ವಾಹನ ಕೇಳಬೇಡಿ.

ಅಂಕಿಅಂಶ ಬೇಕಲ್ಲ? ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ನಿಮ್ಮ ಠಾಣೆಯ ಮೂರು ವರ್ಷದ ಕರೆ ದಾಖಲೆ ಕೇಳಿ: ಕರೆ ಬಂದ ಸಮಯ, ಸ್ಥಳ ತಲುಪಿದ ಸಮಯ, ಏನು ಸುಟ್ಟಿತು. ಕರ್ನಾಟಕದಲ್ಲಿ ಅರ್ಜಿ ಒಂದೇ ವಿಷಯದ್ದಾಗಿ 150 ಪದದೊಳಗಿರಬೇಕು. ಉತ್ತರಕ್ಕೆ 30 ದಿನ ಹಿಡಿಯುತ್ತದೆ, ಸಲಹೆಗೆ ಕೊಟ್ಟ ಗಡುವು ಅಷ್ಟರಲ್ಲೇ ಮುಗಿಯಬಹುದು. ಕರಡಿಗೆ ಕಾಯದೆ ಈಗಲೇ ಅರ್ಜಿ ಹಾಕಿ.

ಗಡುವು ತೀರಾ ಕಡಿಮೆಯಿದ್ದರೆ ಕೇಂದ್ರದ 2014ರ ಶಾಸನಪೂರ್ವ ಸಮಾಲೋಚನಾ ನೀತಿಯನ್ನು ಉಲ್ಲೇಖಿಸಿ: ಕನಿಷ್ಠ 30 ದಿನ, ಸರಳ ಭಾಷೆಯ ಟಿಪ್ಪಣಿ, ಬಂದ ಅಭಿಪ್ರಾಯಗಳ ಸಾರಾಂಶದ ಪ್ರಕಟಣೆ. ರಾಜ್ಯ ಅದಕ್ಕೆ ಬದ್ಧವಲ್ಲ, ಆದರೆ ಕೇಳುವುದಕ್ಕೆ ಒಂದು ಅಳತೆಗೋಲು ಸಿಗುತ್ತದೆ.

ಕೊನೆಗೆ, ಕರಡಿನಲ್ಲಿ "ನಿಯಮಿಸಬಹುದಾದಂತೆ" (ಅಂದರೆ ಮುಂದೆ ನಿಯಮದಲ್ಲಿ ತೀರ್ಮಾನಿಸುವಂತೆ) ಅನ್ನುವ ಪದ ಇರುವ ಕಡೆಯೆಲ್ಲ ಗುರುತು ಹಾಕಿ. ಶುಲ್ಕ, ದಾಸ್ತಾನಿನ ಮಿತಿ, ನವೀಕರಣದ ಅವಧಿ ಎಲ್ಲ ಆ ಪದದ ಹಿಂದೆ ಅಡಗಿರುತ್ತವೆ. ವಿಧೇಯಕ ಪಾಸಾದ ಮೇಲೆ ಕರಡು ನಿಯಮ ರಾಜ್ಯಪತ್ರದಲ್ಲಿ (ಸರ್ಕಾರಿ ಗೆಜೆಟ್) ಬರುತ್ತದೆ, ಆಕ್ಷೇಪಣೆಗೆ ಮತ್ತೆ ಕೆಲವೇ ದಿನ. ಸಂಘದಲ್ಲಿ ಒಬ್ಬರಿಗೆ ವಾರಕ್ಕೊಮ್ಮೆ ರಾಜ್ಯಪತ್ರ ನೋಡುವ ಕೆಲಸ ಹಚ್ಚಿ.