ಅರ್ಧ ನಂಬಿಕೆಯವರೂ ಚರ್ಚ್ ಹುಡುಕಬಹುದೇ?

ಇಬ್ಬರೂ ಕ್ರೈಸ್ತ ಮನೆಗಳಲ್ಲಿ ಬೆಳೆದು, ಮದುವೆಯಾದ ಮೇಲೆ ಚರ್ಚ್ ಬಿಟ್ಟಿರಿ. ಈಗ ನಿಮ್ಮ ಹೆಂಡತಿ ಮರಳಲು ಹಂಬಲಿಸುತ್ತಿದ್ದಾರೆ. ‘ನನಗೆ ಇರುವುದು ಅರ್ಧ ನಂಬಿಕೆ, ನಾನೂ ಜೊತೆಗೆ ಹೋದರೆ ಅದು ಕಪಟವಾಗುವುದಿಲ್ಲವೇ?’ ಎಂದು ಕೇಳಿದ್ದೀರಿ. ಖಂಡಿತ ಆಗುವುದಿಲ್ಲ. ನಮ್ಮ ಮನೆಯಲ್ಲಿ ಆ ಅರ್ಧ ನಂಬಿಕೆಯವಳು ನಾನೇ.

ನಾನು ಬ್ಯಾಪ್ಟಿಸ್ಟ್ ಎಂಬ ಪ್ರೊಟೆಸ್ಟೆಂಟ್ ಪಂಗಡದ ಕುಟುಂಬದವಳು, ನನ್ನ ಪತಿ ಕಥೋಲಿಕರು. ಹನ್ನೊಂದು ವರ್ಷ ನಾವು ಯಾವ ಆರಾಧನೆಗೂ ಹೋಗಲಿಲ್ಲ. ಜಗಳವೇನೂ ಆಗಿರಲಿಲ್ಲ. ಯಾರ ಚರ್ಚಿಗೆ ಹೋಗುವುದು ಎಂಬ ಮಾತನ್ನು ಮುಂದೂಡುತ್ತ ಹೋಗಿ ದೇವರನ್ನೇ ಮುಂದೂಡಿಬಿಟ್ಟಿದ್ದೆವು. ಅತ್ತೆಯವರು ತೀವ್ರ ನಿಗಾ ಘಟಕದಲ್ಲಿದ್ದ ಒಂದು ರಾತ್ರಿ, ಹೊರಗಿನ ಬೆಂಚಿನ ಮೇಲೆ ಕುಳಿತು ಇಬ್ಬರೂ ಯೇಸು ಕಲಿಸಿದ ಕರ್ತನ ಪ್ರಾರ್ಥನೆ ಹೇಳತೊಡಗಿದೆವು. ಕೇಡಿನಿಂದ ಬಿಡಿಸು ಎಂಬಲ್ಲಿಗೆ ಅವರು ನಿಲ್ಲಿಸಿದರು. ರಾಜ್ಯವೂ ಬಲವೂ ಮಹಿಮೆಯೂ ನಿನ್ನವೇ ಎಂದು ನಾನೊಬ್ಬಳೇ ಮುಂದುವರಿಸಿದೆ. ಕಥೋಲಿಕರ ರೂಢಿಯಲ್ಲಿ ಪ್ರಾರ್ಥನೆ ಅಲ್ಲಿಗೇ ಮುಗಿಯುತ್ತದೆ ಎಂಬುದು ಅಷ್ಟು ವರ್ಷ ಸಂಸಾರ ಮಾಡಿದ ನನಗೆ ತಿಳಿದಿರಲಿಲ್ಲ. ಒಮ್ಮೆಯೂ ಒಟ್ಟಿಗೆ ಪ್ರಾರ್ಥಿಸಿರಲಿಲ್ಲ, ತಿಳಿಯುವುದಾದರೂ ಹೇಗೆ?

ಹಾಗಾಗಿ ಚರ್ಚ್ ಹುಡುಕುವ ಮೊದಲು ಮನೆಯಲ್ಲಿ ಜೊತೆಯಾಗಿ ಕುಳಿತುಕೊಳ್ಳಿ. ನಾವು ಮಾರ್ಕನ ಸುವಾರ್ತೆಯನ್ನು ರಾತ್ರಿಗೊಂದು ಅಧ್ಯಾಯದಂತೆ ಓದಿದೆವು. ಯೇಸುವಿನ ಬದುಕನ್ನು ಹೇಳುವ ಬೈಬಲಿನ ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ. ಗಟ್ಟಿಯಾಗಿ ಓದುವುದಕ್ಕೂ ಮೊದಮೊದಲು ಸಂಕೋಚವಾಗುತ್ತಿತ್ತು. ಒಂಬತ್ತನೆಯ ರಾತ್ರಿ, ಕಾಯಿಲೆಯ ಮಗನನ್ನು ಯೇಸುವಿನ ಬಳಿಗೆ ಕರೆತಂದ ತಂದೆಯೊಬ್ಬ ನಂಬುತ್ತೇನೆ ಎನ್ನುತ್ತಲೇ ತನ್ನ ಅಪನಂಬಿಕೆಗೆ ಸಹಾಯ ಬೇಡುವ ಭಾಗ ಬಂತು. ನನಗೆ ಮುಂದೆ ಓದಲಾಗಲಿಲ್ಲ. ಯೇಸು ಅವನಿಗೆ, ಪೂರ್ತಿ ನಂಬಿಕೆ ಬಂದ ಮೇಲೆ ಬಾ ಎನ್ನುವುದಿಲ್ಲ, ಹುಡುಗನನ್ನು ಗುಣಪಡಿಸುತ್ತಾರೆ. ದಯವಿಟ್ಟು ಆ ಅಧ್ಯಾಯವನ್ನು ಹೆಂಡತಿಯ ಜೊತೆಗೇ ಓದಿ.

ಇನ್ನು ಚರ್ಚಿನ ವಿಷಯ. ಸಂಗೀತ, ಪ್ರಸಂಗ (ಆರಾಧನೆಯಲ್ಲಿನ ಉಪದೇಶ) ಇವುಗಳಿಗಿಂತ ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡು: ನಿಮ್ಮಿಬ್ಬರ ದೀಕ್ಷಾಸ್ನಾನವನ್ನೂ (ನೀರಿನಿಂದ ಕ್ರೈಸ್ತರಾಗಿ ಸೇರಿಸಿಕೊಳ್ಳುವ ವಿಧಿ) ಆ ಸಭೆ ಒಪ್ಪುತ್ತದೆಯೇ? ಕರ್ತನ ಭೋಜನದಲ್ಲಿ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ವಿಧಿಯಲ್ಲಿ, ಇಬ್ಬರಿಗೂ ಪಾಲುಂಟೇ? ನನ್ನ ಪತಿಗೆ ಶಿಶುವಾಗಿದ್ದಾಗ ದೀಕ್ಷಾಸ್ನಾನವಾಗಿತ್ತು. ಸ್ವಂತ ಬಾಯಿಂದ ನಂಬಿಕೆಯನ್ನು ಅರಿಕೆ ಮಾಡಿದವರಿಗೆ ಮಾತ್ರ ಅದನ್ನು ಕೊಡುವ ಬ್ಯಾಪ್ಟಿಸ್ಟ್ ಸಭೆಗಳು ಸಾಮಾನ್ಯವಾಗಿ ಶಿಶುವಿನ ಸ್ನಾನವನ್ನು ಪರಿಗಣಿಸುವುದಿಲ್ಲ. ಕಥೋಲಿಕ ಚರ್ಚಿನಲ್ಲಿ ನನ್ನ ದೀಕ್ಷಾಸ್ನಾನಕ್ಕೆ ಮಾನ್ಯತೆಯಿತ್ತು, ಆದರೆ ಪರಮಪ್ರಸಾದ, ಅಂದರೆ ಅಲ್ಲಿನ ಕರ್ತನ ಭೋಜನ, ಸಾಮಾನ್ಯವಾಗಿ ಕಥೋಲಿಕರಿಗೆ ಮಾತ್ರ. ನನ್ನ ಪತಿ ಎದ್ದು ಸಾಲಿನಲ್ಲಿ ನಿಂತಾಗ ನಾನು ಬೆಂಚಿನಲ್ಲೇ ಉಳಿಯುತ್ತಿದ್ದೆ. ಅಲ್ಲಿನ ಗುರುಗಳು ಇದನ್ನು ಮೊದಲೇ ಮುಚ್ಚುಮರೆಯಿಲ್ಲದೆ ವಿವರಿಸಿದ್ದರು, ಅದಕ್ಕೆ ಇಂದಿಗೂ ಋಣಿ. ಆದರೂ ನೋವಾಗುತ್ತಿತ್ತು, ನನಗಿಂತ ಹೆಚ್ಚಾಗಿ ನನ್ನ ಪತಿಗೆ.

ಕೊನೆಗೆ ಆಂಗ್ಲಿಕನ್ (ಇಂಗ್ಲೆಂಡಿನ ಚರ್ಚಿನಿಂದ ಬಂದ) ಸಂಪ್ರದಾಯದ ಒಂದು ಚಿಕ್ಕ ಸಭೆಯಲ್ಲಿ ನೆಲೆ ನಿಂತೆವು. ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ನೀರಿನಿಂದ ಆದ ದೀಕ್ಷಾಸ್ನಾನ ಯಾವ ಸಭೆಯದಾದರೂ ಅಲ್ಲಿ ಸಾಕು. ಇಬ್ಬರೂ ಅಕ್ಕಪಕ್ಕ ಮೊಣಕಾಲೂರಿ ರೊಟ್ಟಿಗೆ ಕೈಯೊಡ್ಡಿದ ಮೊದಲ ಭಾನುವಾರ ಅವರು ಅತ್ತುಬಿಟ್ಟರು. ಬೈಬಲಿನ ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕದ ಎರಡನೆಯ ಅಧ್ಯಾಯದಲ್ಲಿ ಮೊದಲ ವಿಶ್ವಾಸಿಗಳು ಬಿಡದೆ ನಡೆಸಿಕೊಂಡು ಬಂದದ್ದು ನಾಲ್ಕು ಎಂದಿದೆ: ಬೋಧನೆ, ಅನ್ಯೋನ್ಯತೆ, ರೊಟ್ಟಿ ಮುರಿಯುವುದು, ಪ್ರಾರ್ಥನೆ. ಈ ನಾಲ್ಕೂ ಅಲ್ಲಿದ್ದವು. ಪ್ರಸಂಗ ಎಲ್ಲ ವಾರವೂ ಚೆನ್ನಾಗಿರುತ್ತದೆ ಎನ್ನಲಾರೆ.

ಯಾವ ಸಭೆಗೇ ಹೋಗಿ, ಕನಿಷ್ಠ ನಾಲ್ಕು ಭಾನುವಾರ ಹೋಗಿ. ಒಂದೇ ದಿನದಲ್ಲಿ ತೀರ್ಮಾನಿಸಬೇಡಿ. ಕಾಣಿಕೆಯ ಲೆಕ್ಕವನ್ನು ಸಭೆಯ ಮುಂದೆ ಇಡುತ್ತಾರೆಯೇ ಎಂದು ವಿಚಾರಿಸಿ. ಪ್ರಶ್ನೆ ಕೇಳಿದವರನ್ನು ಗದರಿಸುವ ಜಾಗದಲ್ಲಿ ಉಳಿಯಬೇಡಿ. ಮತ್ತೆ, ನಿಮ್ಮ ಹೆಂಡತಿಗೂ ಒಂದು ಮಾತು: ನಿಮ್ಮನ್ನು ಎಳೆದೊಯ್ಯಬೇಡಿ ಎಂದು ಅವರಿಗೆ ಹೇಳಿ. ನಾನು ಬೇಡವೆಂದ ಭಾನುವಾರಗಳಲ್ಲಿ ನನ್ನ ಪತಿ ಒಬ್ಬರೇ ಹೋಗಿ ಬರುತ್ತಿದ್ದರು. ಯಾಕೆ ಬರಲಿಲ್ಲ ಎಂದು ಒಮ್ಮೆಯೂ ಕೇಳಲಿಲ್ಲ, ಅಂದು ಓದಿದ ವಾಕ್ಯ ಯಾವುದೆಂದು ಮಾತ್ರ ಹೇಳುತ್ತಿದ್ದರು.