ಹುಲಿಗೂ ದೂರದ ಸಂಬಂಧವೇ ಬೇಕು

ಹೋದ ಸಂಚಿಕೆಯಲ್ಲಿ ಹುಲಿಗಳ ತಳಿ ವೈವಿಧ್ಯದ ಬಗ್ಗೆ, ಅಂದರೆ ಒಂದು ಹುಲಿಗೂ ಇನ್ನೊಂದು ಹುಲಿಗೂ ಡಿಎನ್‌ಎಯಲ್ಲಿ ಎಷ್ಟು ವ್ಯತ್ಯಾಸ ಇದೆ ಅನ್ನೋದರ ಬಗ್ಗೆ, ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳನ್ನು ನೋಡಿದರೆ ಆ ನಾಲ್ಕು ಸಾಲು ಸಾಕಾಗಿಲ್ಲ ಅಂತ ಗೊತ್ತಾಯಿತು. ಈ ಸಲ ಪೂರ್ತಿ ಹುಲಿ ಪ್ರಶ್ನೆಗಳೇ.

ಪ್ರಶ್ನೆ: ಹುಲಿಗಳ ಸಂಖ್ಯೆ ಏರುತ್ತಿದೆ ಅಂತ ಪೇಪರಿನಲ್ಲಿ ಬರುತ್ತಲೇ ಇದೆ. ಮತ್ತೆ ಈ ಡಿಎನ್‌ಎ ಚಿಂತೆ ಯಾಕೆ? ಸಂಶೋಧಕರಿಗೂ ಏನಾದರೂ ಕೆಲಸ ಬೇಕಲ್ಲ ಅಂತಲಾ?

ಸಂಶೋಧಕರಿಗೆ ಕೆಲಸ ಬೇಕು ಅನ್ನೋದು ನಿಜ, ಆದರೆ ಕಾರಣ ಅದಲ್ಲ. 2006ರಲ್ಲಿ ದೇಶದಲ್ಲಿ 1,411 ಹುಲಿಗಳಿವೆ ಅಂತ ಅಂದಾಜು ಮಾಡಿದ್ದರು. 2022ರ ಗಣತಿಯಲ್ಲಿ ಅದು 3,682. ಕರ್ನಾಟಕದಲ್ಲೇ 563. ಖುಷಿಪಡಬೇಕಾದ ಸಂಗತಿ, ನಾನೂ ಪಟ್ಟೆ. ಆದರೆ ಅಷ್ಟೂ ಹುಲಿಗಳು ಒಂದೇ ಕಾಡಿನಲ್ಲಿಲ್ಲ. ಇಲ್ಲಿ ನೂರು, ಅಲ್ಲಿ ಇಪ್ಪತ್ತು, ನಡುವೆ ಹೆದ್ದಾರಿ, ಗದ್ದೆ, ಗಣಿ, ಊರು. ಇಪ್ಪತ್ತೇ ಹುಲಿಗಳಿರುವ ಕಾಡಿಗೆ ಹೊರಗಿನಿಂದ ಯಾರೂ ಬರದಿದ್ದರೆ ಕೆಲವೇ ತಲೆಮಾರಿನಲ್ಲಿ ಅಲ್ಲಿ ಎಲ್ಲರೂ ಎಲ್ಲರಿಗೂ ನೆಂಟರು.

ಅದರಲ್ಲೇನು ತಪ್ಪು ಅಂತೀರಾ? ಡಿಎನ್‌ಎಯಲ್ಲಿ ಒಂದೊಂದು ಗುಣಕ್ಕೆ ಕಾರಣವಾಗುವ ತುಂಡುಗಳಿಗೆ ಜೀನ್ ಅಂತಾರೆ. ಒಂದೊಂದು ಜೀನ್‌ಗೂ ಎರಡು ಪ್ರತಿ ಇರುತ್ತವೆ, ಒಂದು ತಾಯಿಯದು, ಒಂದು ತಂದೆಯದು. ಜೋಡೆತ್ತಿನ ಗಾಡಿ ಇದ್ದ ಹಾಗೆ. ಒಂದು ಕುಂಟಿದರೂ ಇನ್ನೊಂದು ಎಳೆದುಕೊಂಡು ಹೋಗುತ್ತದೆ. ತಾಯಿ ತಂದೆ ಇಬ್ಬರೂ ಒಂದೇ ಮನೆಯವರಾದರೆ ಎರಡೂ ಕಡೆ ಕುಂಟೆತ್ತೇ ಬರುವ ಸಾಧ್ಯತೆ ಜಾಸ್ತಿ. ಅಮೆರಿಕದ ಫ್ಲೋರಿಡಾದಲ್ಲಿ ಪ್ಯಾಂಥರ್ ಅಂತ ಕರೆಯುವ ಪೂಮಾಗಳಿಗೆ ಆಗಿದ್ದು ಇದೇ. ಮೂವತ್ತರ ಒಳಗೆ ಇಳಿದಿದ್ದವು. ಬಾಲದ ತುದಿ ಡೊಂಕು, ಹೃದಯದಲ್ಲಿ ದೋಷ, ಗಂಡುಗಳ ವೀರ್ಯವೂ ಸರಿ ಇಲ್ಲ. 1995ರಲ್ಲಿ ಟೆಕ್ಸಾಸಿನಿಂದ ಎಂಟು ಹೆಣ್ಣು ಪೂಮಾ ತಂದು ಬಿಟ್ಟರು. ಆಮೇಲೆ ಹುಟ್ಟಿದ ಮರಿಗಳಲ್ಲಿ ಈ ದೋಷಗಳು ಕಡಿಮೆಯಾದವು, ಸಂಖ್ಯೆಯೂ ಏರಿತು.

ನಮ್ಮ ಹುಲಿಗಳು ಕಳೆದುಕೊಂಡಿರುವುದೂ ಸಣ್ಣದಲ್ಲ. ಬ್ರಿಟಿಷರ ಕಾಲದಲ್ಲಿ ಬೇಟೆಯಾಡಿದ ಹುಲಿಗಳ ಚರ್ಮ, ಮೂಳೆ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ ಇವೆ. ಅಂಥವುಗಳ ಡಿಎನ್‌ಎಯನ್ನು ಈಗಿನ ಹುಲಿಗಳ ಜೊತೆ ಹೋಲಿಸಿದ ಅಧ್ಯಯನ 2013ರಲ್ಲಿ ಬಂತು. ಜೀವಕೋಶದೊಳಗೆ ಮೈಟೊಕಾಂಡ್ರಿಯ ಅನ್ನುವ ಪುಟ್ಟ ಭಾಗಗಳಿವೆ, ತಾಯಿಯಿಂದ ಮಾತ್ರ ಮರಿಗೆ ದಾಟುವ ಅವುಗಳ ಡಿಎನ್‌ಎಯಲ್ಲಿ ಆಗ ಇದ್ದ ಬಗೆಗಳ ಪೈಕಿ ಶೇ 93 ಈಗಿನ ಹುಲಿಗಳಲ್ಲಿ ಕಾಣಲಿಲ್ಲ. ಹುಲಿಗಳ ಸಂಖ್ಯೆಯನ್ನು ಹತ್ತಿಪ್ಪತ್ತು ವರ್ಷದಲ್ಲಿ ಏರಿಸಬಹುದು, ಹೀಗೆ ಹೋದದ್ದು ಅಷ್ಟು ಬೇಗ ವಾಪಸ್ ಬರಲ್ಲ. ಹಾಗಂತ ಕೈಚೆಲ್ಲಬೇಕಿಲ್ಲ. ಜಗತ್ತಿನ ಹುಲಿಗಳಲ್ಲಿ ಇವತ್ತಿಗೂ ಉಳಿದಿರುವ ವೈವಿಧ್ಯದ ದೊಡ್ಡ ಪಾಲು ಇರುವುದು ಭಾರತದಲ್ಲೇ.

ಪ್ರಶ್ನೆ: ಹುಲಿಯ ಡಿಎನ್‌ಎ ತೆಗೆಯೋದು ಹೇಗೆ? ಪ್ರತಿ ಹುಲಿಗೂ ಅರಿವಳಿಕೆ ಕೊಟ್ಟು ರಕ್ತ ತೆಗೆಯುತ್ತಾರಾ?

ಇಲ್ಲ. ಹೆಚ್ಚಿನ ಸಲ ಹುಲಿಯ ಮುಖವನ್ನೂ ನೋಡಿರುವುದಿಲ್ಲ. ಬೇಕಾಗಿರುವುದು ಹಿಕ್ಕೆ.

ಹುಲಿ ತಿಂದ ಆಹಾರ ಕರುಳಿನಲ್ಲಿ ಸಾಗುವಾಗ ಕರುಳಿನ ಒಳಗೋಡೆಯ ಜೀವಕೋಶಗಳು ಸ್ವಲ್ಪ ಸ್ವಲ್ಪ ಉದುರಿ ಹಿಕ್ಕೆಯ ಹೊರಮೈಗೆ ಅಂಟಿಕೊಳ್ಳುತ್ತವೆ. ಸಂಶೋಧಕರಿಗೆ ಬೇಕಾಗಿರುವುದು ಆ ತೆಳುವಾದ ಪದರ, ಒಳಗಿನದ್ದಲ್ಲ. ಒಳಗಿರುವುದು ಬಹುತೇಕ ಕಡವೆಯದೋ ಜಿಂಕೆಯದೋ ಕೂದಲು ಮೂಳೆ. ಅದು ಹುಲಿಯ ಊಟದ ಮೇಲೆ ಅಧ್ಯಯನ ಮಾಡುವವರಿಗೆ ಬೇಕು. ಹಿಕ್ಕೆ ತಾಜಾ ಇದ್ದಷ್ಟೂ ಒಳ್ಳೆಯದು, ಯಾಕೆಂದರೆ ಬಿಸಿಲು ಮಳೆ ಎರಡೂ ಡಿಎನ್‌ಎಯನ್ನು ಚೂರು ಚೂರು ಮಾಡುತ್ತವೆ. ಜೋರು ಮಳೆ ಬಂದರೆ ಆ ಪದರವೇ ತೊಳೆದುಹೋಗುತ್ತದೆ. ಲ್ಯಾಬಿನಲ್ಲಿ ಮೊದಲು ನೋಡುವುದು ಇದು ಹುಲಿಯದ್ದಾ ಚಿರತೆಯದ್ದಾ ಅಂತ, ಕಣ್ಣಳತೆಯಲ್ಲಿ ಅನುಭವಿಗಳೂ ಇಲ್ಲಿ ಮೋಸ ಹೋಗುತ್ತಾರೆ. ಆಮೇಲೆ ಗಂಡೋ ಹೆಣ್ಣೋ, ಯಾವ ಹುಲಿ, ಇನ್ನೊಂದು ಹಿಕ್ಕೆಯ ಹುಲಿಗೆ ಏನಾಗಬೇಕು ಅನ್ನುವವರೆಗೂ ಹೋಗಬಹುದು.

ಕ್ಯಾಮೆರಾ ಇಟ್ಟು ಪಟ್ಟೆ ನೋಡಿ ಎಣಿಸುವ ಪದ್ಧತಿ ಇದೆಯಲ್ಲ, ಅದೂ ಒಳ್ಳೆಯದೇ. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ. ಆದರೆ ಯಾರ ಮಗ ಯಾರು ಅಂತ ಪಟ್ಟೆ ಹೇಳಲ್ಲ.

ಪ್ರಶ್ನೆ: ಒಡಿಶಾದ ಸಿಮ್ಲಿಪಾಲದಲ್ಲಿ ಕಪ್ಪು ಹುಲಿಗಳಿವೆಯಂತೆ. ವಿಡಿಯೋ ನೋಡಿ ಮೈ ಜುಮ್ಮೆಂದಿತು. ಇಂಥ ಅಪರೂಪದ ಹುಲಿಗಳು ಇನ್ನಷ್ಟು ಹುಟ್ಟಬೇಕಲ್ವಾ?

ನೋಡಲು ಚೆಂದ, ಒಪ್ಪುತ್ತೇನೆ. ಆದರೆ ಇನ್ನಷ್ಟು ಹುಟ್ಟಬೇಕು ಅನ್ನುವ ಮಾತಿಗೆ ಮಾತ್ರ ನನ್ನ ತಕರಾರಿದೆ.

ಅವು ಪೂರ್ತಿ ಕಪ್ಪಲ್ಲ. ಕಪ್ಪು ಪಟ್ಟೆಗಳು ಹರಡಿ ಒಂದಕ್ಕೊಂದು ಕೂಡಿಕೊಂಡಿರುತ್ತವೆ, ಸಂದಿಯಲ್ಲಿ ಕಿತ್ತಳೆ ಬಣ್ಣ ಇಣುಕುತ್ತದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ, ಅದೇ ಎನ್‌ಸಿಬಿಎಸ್‌ನಲ್ಲಿ, ಉಮಾ ರಾಮಕೃಷ್ಣನ್ ಅವರ ತಂಡ 2021ರಲ್ಲಿ ಇದರ ಮೂಲ ಹುಡುಕಿತು. ಟ್ಯಾಕ್‌ಪೆಪ್ ಅನ್ನುವ ಜೀನ್‌ನಲ್ಲಿ ಡಿಎನ್‌ಎಯ ಒಂದೇ ಒಂದು ಅಕ್ಷರ ಬದಲು. ಅಷ್ಟೇ. ಬೆಕ್ಕುಗಳ ಪಟ್ಟೆ ಕಲಸಿಕೊಂಡಂತೆ ಕಾಣುವುದಕ್ಕೂ ಇದೇ ಜೀನ್ ಕಾರಣ. ತಾಯಿ ತಂದೆ ಇಬ್ಬರಿಂದಲೂ ಆ ಬದಲಾದ ಪ್ರತಿಯೇ ಬಂದರೆ ಮಾತ್ರ ಹುಲಿ ಹೀಗೆ ಕಪ್ಪಾಗುತ್ತದೆ. ಸಿಮ್ಲಿಪಾಲದಲ್ಲಿ ಶೇ 37ರಷ್ಟು ಹುಲಿಗಳು ಕಪ್ಪು. ದೇಶದ ಬೇರೆ ಕಾಡುಗಳಲ್ಲಿ ಹುಡುಕಿದರೆ ಆ ಬದಲಾವಣೆ ಸಿಗಲೇ ಇಲ್ಲ. ಯಾಕೆ ಇಲ್ಲಿ ಮಾತ್ರ ಇಷ್ಟು? ಹಿಂದೆ ಕೆಲವೇ ಹುಲಿಗಳಿಂದ ಈ ಬಳಗ ಬೆಳೆದಿದೆ, ಹೊರಗಿನವರು ಬಂದಿಲ್ಲ, ಒಳಗಿನವರು ಹೊರಗೆ ಹೋಗಿಲ್ಲ. ಕಪ್ಪು ಬಣ್ಣ ಆ ಒಂಟಿತನದ ಗುರುತು. ಬಣ್ಣವೇನೋ ಕಣ್ಣಿಗೆ ಕಾಣುತ್ತದೆ. ಕಾಣದೆ ಇರುವ ಎಷ್ಟು ಜೀನ್‌ಗಳು ಇದೇ ರೀತಿ ಜೋಡಿಯಾಗಿವೆ ಅನ್ನೋದು ನನ್ನನ್ನು ಕಾಡುವ ಪ್ರಶ್ನೆ.

ಅದಕ್ಕೇ 2024ರ ಕೊನೆಯಲ್ಲಿ ಮಹಾರಾಷ್ಟ್ರದ ತಾಡೋಬಾದಿಂದ ಜಮುನಾ, ಜೀನತ್ ಅನ್ನುವ ಎರಡು ಹೆಣ್ಣು ಹುಲಿಗಳನ್ನು ಸಿಮ್ಲಿಪಾಲಕ್ಕೆ ತಂದರು. ಹೊಸ ರಕ್ತ ಸೇರಲಿ ಅಂತ. ಜೀನತ್‌ಗೆ ಗಂಡನ ಮನೆ ಹಿಡಿಸಲಿಲ್ಲ. ಕಾಡು ಬಿಟ್ಟು ಜಾರ್ಖಂಡ್ ದಾಟಿ ಪಶ್ಚಿಮ ಬಂಗಾಳಕ್ಕೆ ಹೋಗಿಬಿಟ್ಟಳು. ಬಾಂಕುಡಾ ಜಿಲ್ಲೆಯಲ್ಲಿ ಡಿಸೆಂಬರ್ 29ರಂದು ಅರಿವಳಿಕೆ ಕೊಟ್ಟು ಹಿಡಿಯಬೇಕಾಯಿತು.

ಪ್ರಶ್ನೆ: ಮೃಗಾಲಯದ ಬಿಳಿ ಹುಲಿಗಳು ಬೇರೆ ಜಾತಿಯಾ?

ಅಲ್ಲ. ಅದೇ ಹುಲಿ, ಬಣ್ಣದ ಒಂದು ಜೀನ್‌ನಲ್ಲಿ ಬದಲಾವಣೆ. 1951ರಲ್ಲಿ ರೇವಾದಲ್ಲಿ ಹಿಡಿದ ಮೋಹನ್ ಅನ್ನುವ ಬಿಳಿ ಗಂಡುಮರಿಯನ್ನು ಬೆಳೆಸಿ ಅದರ ಮಗಳ ಜೊತೆಗೇ ಕೂಡಿಸಿದರು, ಬಿಳಿ ಮರಿ ಬೇಕಲ್ಲ! ಬಿಳಿ ಹುಲಿಗಳಲ್ಲಿ ಮೆಳ್ಳೆಗಣ್ಣು ಸಾಮಾನ್ಯ. ಸಂರಕ್ಷಣೆಗೆ ಇದರಿಂದ ಮೂರು ಕಾಸಿನ ಉಪಯೋಗ ಇಲ್ಲ.

ಪ್ರಶ್ನೆ: ಹಾಗಾದರೆ ಒಂದು ಕಾಡಿನ ಹುಲಿಯನ್ನು ಲಾರಿಯಲ್ಲಿ ಇನ್ನೊಂದು ಕಾಡಿಗೆ ಸಾಗಿಸಿದರೆ ಆಯ್ತಲ್ಲ? ಕಾರಿಡಾರ್ ಕಾರಿಡಾರ್ ಅಂತ ರಸ್ತೆ ಕೆಲಸಕ್ಕೆಲ್ಲ ಯಾಕೆ ಅಡ್ಡ ಬರುತ್ತೀರಿ?

ಲಾರಿ ಏನು, ಹೆಲಿಕಾಪ್ಟರಿನಲ್ಲೇ ಸಾಗಿಸಿದ್ದಾರೆ. ರಾಜಸ್ಥಾನದ ಸರಿಸ್ಕಾದಲ್ಲಿ ಕಳ್ಳಬೇಟೆಯಿಂದ ಹುಲಿ ಪೂರ್ತಿ ನಾಶವಾಗಿತ್ತು. 2008ರಲ್ಲಿ ರಣಥಂಬೋರಿನಿಂದ ತಂದು ಬಿಟ್ಟರು. ಮೊದಲು ತಂದವು ತೀರಾ ಹತ್ತಿರದ ರಕ್ತಸಂಬಂಧಿಗಳು ಅಂತ ಆಮೇಲೆ ಗೊತ್ತಾಯಿತು. ಜಾತಕ ನೋಡದೆ ಲಗ್ನ ಕಟ್ಟಿದ ಹಾಗೆ. ಮಧ್ಯಪ್ರದೇಶದ ಪನ್ನಾದಲ್ಲೂ ಹುಲಿ ನಾಶವಾಗಿತ್ತು. ಅಲ್ಲಿ ಬಾಂಧವಗಢ, ಕಾನ್ಹಾ, ಪೆಂಚ್ ಹೀಗೆ ಬೇರೆ ಬೇರೆ ಕಾಡುಗಳಿಂದ ತಂದರು, ಚೆನ್ನಾಗಿ ಹಬ್ಬಿದವು. ಅಂದರೆ ಸಾಗಿಸೋದು ತಪ್ಪಲ್ಲ, ಡಿಎನ್‌ಎ ನೋಡಿ ಆರಿಸಬೇಕು. ಆದರೂ ಇದು ಕೊನೆಯ ದಾರಿ. ಜೀನತ್ ಕಥೆ ಮೇಲೆ ಹೇಳಿದೆನಲ್ಲ, ಹುಲಿ ನಾವು ಬಿಟ್ಟ ಜಾಗದಲ್ಲೇ ಇರುತ್ತದೆ ಅಂತ ಬರೆದುಕೊಟ್ಟಿಲ್ಲ.

ಕಾರಿಡಾರ್ ಅಂದರೆ ಒಂದು ಕಾಡಿನಿಂದ ಇನ್ನೊಂದು ಕಾಡಿಗೆ ಹುಲಿ ಓಡಾಡುವ ದಾರಿ. ಆ ದಾರಿ ಇದ್ದರೆ ಹುಲಿಯೇ ನಡೆದುಕೊಂಡು ಹೋಗುತ್ತದೆ. ಎರಡು ವರ್ಷ ತುಂಬುವ ಹೊತ್ತಿಗೆ ಗಂಡುಮರಿ ತಾಯಿಯ ಜಾಗ ಬಿಟ್ಟು ದೂರ ಹೊರಡುತ್ತದೆ, ಹೆಣ್ಣುಮರಿ ಹೆಚ್ಚಾಗಿ ತವರಿನ ಹತ್ತಿರವೇ ನೆಲೆ ನಿಲ್ಲುತ್ತದೆ. ಅಣ್ಣ ತಂಗಿ ಕೂಡದಂತೆ ತಡೆಯುವ ಏರ್ಪಾಟು ಇದು, ಯಾರೂ ಹೇಳಿಕೊಡಬೇಕಿಲ್ಲ. ಬಂಡೀಪುರದಲ್ಲಿ ಕ್ಯಾಮೆರಾಗೆ ಸಿಕ್ಕಿದ್ದ ಗಂಡು ಹುಲಿ ಮಾರನೇ ವರ್ಷ, 2011ರಲ್ಲಿ, ಸುಮಾರು 280 ಕಿಲೋಮೀಟರ್ ದೂರದ ಶಿಕಾರಿಪುರದ ಹತ್ತಿರ ಪತ್ತೆಯಾಯಿತು, ಪಟ್ಟೆ ಹೋಲಿಸಿ ಅದೇ ಹುಲಿ ಅಂತ ಖಾತ್ರಿ ಮಾಡಿದರು. ಅಷ್ಟು ದೂರ ತೋಟ, ಗದ್ದೆ, ಊರು, ರಸ್ತೆ ದಾಟಿ ಹೋಗಿದೆ! ನಾಗರಹೊಳೆ, ಬಂಡೀಪುರ, ಮುದುಮಲೈ, ವಯನಾಡು ಒಂದಕ್ಕೊಂದು ಅಂಟಿಕೊಂಡಿರುವುದರಿಂದಲೇ ನಮ್ಮ ಕಡೆಯ ಹುಲಿಗಳ ಸ್ಥಿತಿ ಸಿಮ್ಲಿಪಾಲದ ಹಾಗಾಗಿಲ್ಲ. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ ಗಾಡಿ ಬಿಡಲ್ಲ ಅಂತ ಬೈಯುವವರು ಇದನ್ನು ಸ್ವಲ್ಪ ಯೋಚಿಸಬೇಕು. ರಸ್ತೆಯೇ ಬೇಡ ಅಂತ ನಾನೇನೂ ಹೇಳುತ್ತಿಲ್ಲ. ಪೆಂಚ್ ಹತ್ತಿರ ಹೆದ್ದಾರಿಯನ್ನು ಕಂಬಗಳ ಮೇಲೆ ಎತ್ತಿ ಕಟ್ಟಿದ್ದಾರೆ. ಕೆಳಗೆ ಹುಲಿ ಓಡಾಡಿದ್ದು ಕ್ಯಾಮೆರಾದಲ್ಲಿ ದಾಖಲಾಗಿದೆ.

ಪ್ರಶ್ನೆ: ನಮ್ಮ ಕಾಫಿ ತೋಟದ ದಾರಿಯಲ್ಲಿ ಆಗಾಗ ದೊಡ್ಡ ಹಿಕ್ಕೆ ಕಾಣುತ್ತದೆ. ಒಣಗಿಸಿ ಪೊಟ್ಟಣ ಕಟ್ಟಿ ನಿಮ್ಮ ಆಫೀಸಿಗೆ ಕಳಿಸಲಾ?

ದಯವಿಟ್ಟು ಬೇಡ. ನಮ್ಮಲ್ಲಿ ಟಪಾಲು ಬಿಡಿಸುವವರು ಬೆಳಗಿನ ಕಾಫಿ ಕುಡಿಯುತ್ತಾ ಬಿಡಿಸುತ್ತಾರೆ. ಇದಕ್ಕೆಲ್ಲ ಅರಣ್ಯ ಇಲಾಖೆಯ ಅನುಮತಿ ಬೇಕು, ಸುಮ್ನೆ ಎತ್ತಿಕೊಳ್ಳುವ ಹಾಗಿಲ್ಲ. ಬಿಸಿಲಿಗೆ ಇಟ್ಟರೆ ಡಿಎನ್‌ಎ ಹಾಳಾಗುತ್ತದೆ ಅಂತ ಮೇಲೆ ಬರೆದಿದ್ದೇನೆ. ಜಾಗ, ತಾರೀಖು ಬರೆದಿಟ್ಟು, ಪಕ್ಕದಲ್ಲಿ ಒಂದು ಪೆನ್ನು ಇಟ್ಟು ಫೋಟೋ ತೆಗೆದು, ನಿಮ್ಮ ಕಡೆಯ ಫಾರೆಸ್ಟ್ ಗಾರ್ಡ್‌ಗೆ ತಿಳಿಸಿ. ಚಿರತೆಯದ್ದೂ ಆಗಿರಬಹುದು. ಇನ್ನೊಂದು ಮಾತು: ಹುಲಿ ತನ್ನ ಗಡಿ ಗುರುತು ಮಾಡಲು ಒಂದೇ ದಾರಿಗೆ ಮತ್ತೆ ಮತ್ತೆ ಬರುತ್ತದೆ. ಬೆಳಗ್ಗೆ ಕತ್ತಲಲ್ಲೇ ಒಬ್ಬರೇ ತೋಟ ಸುತ್ತುವ ಅಭ್ಯಾಸ ಇದ್ದರೆ ಸ್ವಲ್ಪ ದಿನ ಬಿಡಿ.