ಟ್ರಾವೆಲ್ ಗಿಟಾರ್: ಮೊದಲು ಸ್ಕೇಲ್ ಉದ್ದ ನೋಡಿ

ಅಗ್ಗದ ಪುಟ್ಟ ಟ್ರಾವೆಲ್ ಎಲೆಕ್ಟ್ರಿಕ್ ಗಿಟಾರ್ ಒಂದೇ ಸಾಕಾ ಅಂತ ಕೇಳಿದ್ದೀರಿ. ಪ್ರಯಾಣಕ್ಕೆ ಖಂಡಿತ ಸಾಕು. ಇರುವುದೇ ಅದೊಂದು ಅನ್ನುವುದಾದರೆ ಬೇಡ.

ಮೊದಲು ಸ್ಕೇಲ್ ಉದ್ದ ನೋಡಿ. ಅಂದರೆ ತಂತಿಯಲ್ಲಿ ಕಂಪಿಸುವ ಭಾಗದ ಉದ್ದ. ಫೆಂಡರ್ ಕಂಪನಿಯ ಹೆಸರಾಂತ ಎಲೆಕ್ಟ್ರಿಕ್ ಗಿಟಾರ್ ಸ್ಟ್ರಾಟೋಕ್ಯಾಸ್ಟರ್‌ನಲ್ಲಿ ಅದು 25.5 ಇಂಚು. 22–23 ಇಂಚಿಗೆ ಇಳಿದರೆ ಅದೇ ತಂತಿ ಅದೇ ಶ್ರುತಿಯಲ್ಲೂ ಸಡಿಲವಾಗುತ್ತದೆ. ಸ್ವಲ್ಪ ಜಾಸ್ತಿ ಒತ್ತಿದರೂ ಸ್ವರ ಏರಿಬಿಡುತ್ತದೆ. ಅತಿ ತೆಳು ತಂತಿ .009 ಇಂಚು ದಪ್ಪ ಇರುವ ಸೆಟ್ ಬದಲು, ಇನ್ನೂ ದಪ್ಪನೆಯ .010 ಅಥವಾ .011 ಸೆಟ್ ಹಾಕಿ, ಬಹಳಷ್ಟು ಸರಿಹೋಗುತ್ತದೆ.

ಹೆಡ್‌ಸ್ಟಾಕ್ (ಕತ್ತಿನ ತುದಿಯ ಅಗಲ ಭಾಗ) ಇಲ್ಲದ ಮಾದರಿಗಳಲ್ಲಿ ಪೂರ್ತಿ ಸ್ಕೇಲ್ ಇದ್ದೂ ಗಿಟಾರ್ ಚಿಕ್ಕದಾಗಿರುತ್ತದೆ. ನನಗೆ ಅವೇ ಇಷ್ಟ. ಆದರೆ ಅಗ್ಗದವುಗಳಲ್ಲಿ ಟ್ಯೂನರ್ (ಶ್ರುತಿ ಮಾಡುವ ತಿರುಗಣೆ) ಬಿಗಿಯಾಗಿರಬಹುದು, ಕೈಯಾರೆ ತಿರುಗಿಸಿ ನೋಡಿಯೇ ಕೊಳ್ಳಿ.

ಬಾಡಿ ತೀರಾ ಚಿಕ್ಕದಿದ್ದರೆ ತೊಡೆಯ ಮೇಲೆ ನಿಲ್ಲುವುದಿಲ್ಲ. ಕೂತು ನುಡಿಸಲೂ ಸ್ಟ್ರಾಪ್ ಬೇಕು. ಹೆಡ್‌ಫೋನ್ ಜ್ಯಾಕ್ ಇರುವುದು ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ, ಬೇರೆ ಆಂಪ್ಲಿಫೈಯರ್ ಹೊರುವುದು ತಪ್ಪುತ್ತದೆ.